ದೇವರು ಕೊಟ್ಟ ಮಾತು, ಜನ ಸೇರಿಸಿದ ಮಾತು

ಪ್ರಶ್ನೆ: ಅಯ್ಯನವರಿಗೆ ಯೇಸುವಿನ ನಾಮದಲ್ಲಿ ವಂದನೆಗಳು. ನಾನು ಶಾಲೆಯಲ್ಲಿ ಟೀಚರ್. ನಮ್ಮ ಮನೆಯವರಿಗೆ 46 ವರ್ಷ. ಶುಗರ್‌ನಿಂದ ಎರಡೂ ಕಿಡ್ನಿ ಹೋಗಿವೆ. ಮೂರು ವರ್ಷದಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್. ಕಾಯಿಲೆ ಗೊತ್ತಾದ ವರ್ಷ ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ವಾಗ್ದಾನದ ಕಾರ್ಡ್ ಎತ್ತಿದಾಗ ನನಗೆ ಯೆರೆಮೀಯ 29:11, ನಿಮ್ಮ ಬಗ್ಗೆ ನನಗಿರುವುದು ಹಿತದ ಯೋಚನೆ ಎಂಬ ವಚನ, ಬಂತು. ಹೊರಗಿನಿಂದ ಬಂದಿದ್ದ ಒಬ್ಬ ಪ್ರಸಂಗಿ ನಮ್ಮವರ ತಲೆ ಮೇಲೆ ಕೈಯಿಟ್ಟು, "ಈ ವರ್ಷ ಮುಗಿಯುವುದರೊಳಗೆ ಮಷಿನ್ ಬಿಡುತ್ತೀಯ" ಎಂದರು. ಮರುವಾರ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹಾಕಬೇಕಾದ ಕಸ) ಇಳಿದಿತ್ತು. ಸಭೆಯಲ್ಲಿ ನಿಂತು ಸಾಕ್ಷಿ ಹೇಳಿದೆವು. ಬಳೆ ಅಡವಿಟ್ಟು ಕಾಣಿಕೆ ಕೊಟ್ಟೆವು. ಏನೂ ಆಗಲಿಲ್ಲ. ಈಗ ಅತ್ತೆ, "ನಿನ್ನ ಅಪನಂಬಿಕೆಯೇ ಅಡ್ಡ ನಿಂತಿದೆ, ಸಂಶಯಪಡುವವನು ಸಮುದ್ರದ ಅಲೆ ಇದ್ದ ಹಾಗೆ ಅಂತ ಬರೆದಿದೆ" ಎನ್ನುತ್ತಾರೆ. ಡಾಕ್ಟರು ಕಿಡ್ನಿ ಕಸಿಯ ವಿಷಯ ತೆಗೆದರೆ ಮನೆಯಲ್ಲಿ ಯಾರೂ ಕಿವಿಗೊಡುವುದಿಲ್ಲ. ಡಯಾಲಿಸಿಸ್ ನಿಲ್ಲಿಸಿ ಉಪವಾಸ ಪ್ರಾರ್ಥನೆಗೆ ಕೂರಿಸೋಣ ಎಂದು ಮೈದುನ ಹೇಳುತ್ತಿದ್ದಾರೆ. ನನಗೆ ಪ್ರಾರ್ಥನೆಯೇ ಬರುತ್ತಿಲ್ಲ. ಆ ಕಾರ್ಡ್ ನೋಡಿದರೆ ಸಿಟ್ಟು ಬರುತ್ತದೆ. ಹರಿದು ಹಾಕಲೇ? ದೇವರು ಮಾತು ತಪ್ಪಿದನೇ, ನಾನೇ ತಪ್ಪಿದೆನೇ?

ಉತ್ತರ: ಸಹೋದರಿ, ನೀವು ಕೇಳಿದ್ದರಲ್ಲಿ ಒಂದು ವಿಷಯಕ್ಕೆ ಕಾಯುವಷ್ಟು ಸಮಯವಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಡಯಾಲಿಸಿಸ್ ನಿಲ್ಲಿಸಬೇಡಿ. ಒಂದು ಸರದಿಯನ್ನೂ ತಪ್ಪಿಸಬೇಡಿ. ಕಿಡ್ನಿ ಪೂರ್ತಿ ಹೋದವರು ಡಯಾಲಿಸಿಸ್ ಬಿಟ್ಟರೆ ಮೈಯಲ್ಲಿ ನೀರು ತುಂಬುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯ ನಿಲ್ಲಬಹುದು. ಸಾಮಾನ್ಯವಾಗಿ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳ ಮಾತು. ಅವರಿಗೆ ಶುಗರ್ ಬೇರೆ ಇದೆ. ಉಪವಾಸ ಕೂತರೆ ಶುಗರ್ ಪೂರ್ತಿ ಇಳಿದು ಪ್ರಜ್ಞೆ ತಪ್ಪುವ ಅಪಾಯ ಇದೆ. ಉಪವಾಸ ಮುಗಿಸುವಾಗ ಪ್ರೀತಿಯಿಂದ ಕೊಡುವ ಎಳನೀರು, ಬಾಳೆಹಣ್ಣು ಕೂಡ ಅಪಾಯವೇ, ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಉಪವಾಸ ಮಾಡಬೇಕು ಅನಿಸಿದರೆ ಗಟ್ಟಿಮುಟ್ಟಾಗಿರುವ ಮೈದುನ ಮಾಡಲಿ. ಅಣ್ಣನ ಹೆಸರಿನಲ್ಲಿ ತಮ್ಮ ಉಪವಾಸ ಮಾಡಿದರೂ ದೇವರು ಕೇಳುತ್ತಾನೆ.

"ಔಷಧಿ ತಗೊಂಡರೆ ನಂಬಿಕೆ ಇಲ್ಲ ಅಂತ ಅರ್ಥ" ಎನ್ನುವವರಿಗೆ ಅರಸನಾದ ಹಿಜ್ಕೀಯನ ಕಥೆ ಓದಿ ಹೇಳಿ. 2 ಅರಸುಗಳು 20ನೇ ಅಧ್ಯಾಯದಲ್ಲಿದೆ. ಅವನು ಸಾಯುವ ಹಾಗಾಗಿದ್ದ. ಅತ್ತು ಪ್ರಾರ್ಥಿಸಿದ. ಇನ್ನೂ 15 ವರ್ಷ ಬದುಕುತ್ತೀಯ ಎಂದು ದೇವರು ಪ್ರವಾದಿ ಯೆಶಾಯನ ಮೂಲಕ ನೇರವಾಗಿ ಮಾತು ಕೊಟ್ಟ. ಆಮೇಲೆ ಯೆಶಾಯ ಏನು ಮಾಡಿದ ಗೊತ್ತಾ? ಅಂಜೂರದ ಹಣ್ಣಿನ ಉಂಡೆ ತರಿಸಿ ಹುಣ್ಣಿನ ಮೇಲೆ ಹಚ್ಚಿಸಿದ. ವಾಗ್ದಾನ ತಂದವನೇ ಮದ್ದನ್ನೂ ಹಚ್ಚಿಸಿದ. ಆ ಇಬ್ಬರಲ್ಲಿ ಯಾರಿಗೂ ಅದು ಅಪನಂಬಿಕೆ ಅನಿಸಲಿಲ್ಲ.

ಕ್ರಿಯಾಟಿನಿನ್ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಡಯಾಲಿಸಿಸ್ ಆದ ಮೇಲೆ ಕ್ರಿಯಾಟಿನಿನ್ ಇಳಿಯುತ್ತದೆ. ಮುಂದಿನ ಸರದಿ ಹತ್ತಿರವಾಗುವಷ್ಟರಲ್ಲಿ ಮತ್ತೆ ಏರುತ್ತದೆ. ಯಾವ ದಿನ ರಕ್ತ ತೆಗೆದರು ಎನ್ನುವುದರ ಮೇಲೆ ರಿಪೋರ್ಟು ಬದಲಾಗುತ್ತದೆ. ಆ ಒಂದು ನಂಬರ್ ನೋಡಿ ವಾಸಿಯಾಯಿತು ಎಂದುಕೊಂಡದ್ದು ನಿಮ್ಮ ಮೋಸವಲ್ಲ. ಆಸೆಯಲ್ಲಿ ಇರುವವರಿಗೆ ಯಾರೂ ವಿವರಿಸಿ ಹೇಳಿರಲಿಲ್ಲ, ಅಷ್ಟೆ. ಸಭೆಯಲ್ಲಿ ಹೇಳಿದ ಸಾಕ್ಷಿಗಾಗಿ ನಾಚಿಕೆಪಡಬೇಡಿ.

ಈಗ ಕಾರ್ಡಿನ ವಿಷಯಕ್ಕೆ ಬರೋಣ. ನಿಮ್ಮ ಸಂಕಟದ ಬೇರು ಇಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ದಿನಕ್ಕೊಂದು ವಚನವನ್ನು ಚೀಟಿ ಎತ್ತಿ ಆರಿಸುವ ಪದ್ಧತಿ ಹಳೆಯದು. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನಲ್ಲಿದ್ದ ಮೊರೇವಿಯನ್ ಸಭೆಯವರು 1728ರಲ್ಲಿ ದಿನಕ್ಕೊಂದು ವಚನ ಹಂಚಲು ಶುರು ಮಾಡಿದರು. 1731ರಿಂದ ಅದು ಪುಸ್ತಕವಾಗಿ ಬರುತ್ತಿದೆ. ಆದರೆ ಅವರು ಅದನ್ನು ಇಡೀ ಸಭೆ ಆ ದಿನ ಒಟ್ಟಾಗಿ ಧ್ಯಾನಿಸಲಿ ಎಂದು ಕೊಡುತ್ತಿದ್ದರು. ಒಬ್ಬೊಬ್ಬರ ವರ್ಷದ ಭವಿಷ್ಯ ಹೇಳಲು ಅಲ್ಲ. ನಮ್ಮಲ್ಲಿ ಡಿಸೆಂಬರ್ 31ರ ರಾತ್ರಿ ತಟ್ಟೆಯಲ್ಲಿ ಕಾರ್ಡ್ ಬರುವಾಗ ಎದೆ ಡವಡವ ಅನ್ನುತ್ತದೆ, ಅಲ್ವಾ? ಒಳ್ಳೆಯ ವಚನ ಬಂದರೆ ಸಮಾಧಾನ, ಬೇರೆ ಏನಾದರೂ ಬಂದರೆ ಭಯ. ಅದು ವಾಕ್ಯವನ್ನು ಓದುವ ರೀತಿಯಲ್ಲ. ಅದು ಶಕುನ ನೋಡುವ ರೀತಿ. ಸಭಾಪಾಲಕರಾದ ನಾವು ಇದನ್ನು ಜನರಿಗೆ ಬಿಡಿಸಿ ಹೇಳಬೇಕು. ಬಹಳ ಕಡೆ ಹೇಳುವುದಿಲ್ಲ.

ನಿಮಗೆ ಬಂದ ವಚನ ಒಂದು ಪತ್ರದ ಸಾಲು. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ಯೆರೂಸಲೇಮಿನಿಂದ ರಾಜನನ್ನೂ ಸಾವಿರಾರು ಜನರನ್ನೂ ಸೆರೆ ಒಯ್ದಿದ್ದ. ದೇವರು ಕೈಬಿಟ್ಟನೇ ಎಂದು ಅವರು ಅಳುತ್ತಿದ್ದರು. ಅದೇ ಹೊತ್ತಿಗೆ ಯೆರೂಸಲೇಮಿನಲ್ಲಿ ಹನನ್ಯ ಎಂಬ ಪ್ರವಾದಿ ಎದ್ದು ನಿಂತ. ಎರಡೇ ವರ್ಷ, ಎಲ್ಲರೂ ವಾಪಸ್ ಬರುತ್ತಾರೆ ಎಂದು ಘೋಷಿಸಿದ. ಬಾಬೆಲಿನ ಅಧೀನದ ಗುರುತಾಗಿ ಯೆರೆಮೀಯ ಕುತ್ತಿಗೆಗೆ ಹಾಕಿಕೊಂಡಿದ್ದ ಮರದ ನೊಗವನ್ನು ಜನರೆದುರೇ ತೆಗೆದು ಮುರಿದ. ಜನರಿಗೆ ಎಷ್ಟು ಖುಷಿಯಾಗಿರಬೇಕು! ಯೆರೆಮೀಯನೂ ಮೊದಲು "ಆಮೆನ್, ಹಾಗೇ ಆಗಲಿ" ಎಂದ. ಅವನಿಗೂ ಅದೇ ಆಸೆ ಇತ್ತು. ಆದರೆ ಹನನ್ಯನಿಗೆ ಹಾಗೆ ಹೇಳು ಎಂದು ದೇವರು ಹೇಳಿರಲಿಲ್ಲ. ಈ ಕಥೆ 28ನೇ ಅಧ್ಯಾಯದಲ್ಲಿದೆ.

ಅದರ ಬೆನ್ನಿಗೇ 29ನೇ ಅಧ್ಯಾಯದ ಪತ್ರ ಬರುತ್ತದೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ಮಕ್ಕಳ ಮದುವೆ ಮಾಡಿ, ನೀವಿರುವ ಆ ಊರಿನ ಒಳಿತಿಗಾಗಿ ಪ್ರಾರ್ಥಿಸಿ ಎಂದು ದೇವರು ಹೇಳುತ್ತಾನೆ. ನಿಮ್ಮ ಪ್ರವಾದಿಗಳ ಮಾತಿಗೆ ಮೋಸಹೋಗಬೇಡಿ ಎನ್ನುತ್ತಾನೆ. 10ನೇ ವಚನದಲ್ಲಿ 70 ವರ್ಷ ಎಂಬ ಲೆಕ್ಕ ಕೊಡುತ್ತಾನೆ. ಆಮೇಲೆ 11ನೇ ವಚನ: ನಿಮ್ಮ ಬಗ್ಗೆ ನನಗಿರುವುದು ಹಿತದ ಯೋಚನೆ, ಕೇಡಿನದ್ದಲ್ಲ. ಆ ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಬಾಬೆಲಿನಲ್ಲೇ ಸತ್ತರು. ಆ ವಚನ ಅವರಿಗೂ ಸೇರಿದ್ದೇ.

ನಿಮಗೆ ಆ ರಾತ್ರಿ ಸಿಕ್ಕಿದ್ದು ಯೆರೆಮೀಯನ ವಚನ. ಅದಕ್ಕೆ ಪ್ರಸಂಗಿ ಅಂಟಿಸಿದ್ದು ಹನನ್ಯನ ತಾರೀಖು. "ಈ ವರ್ಷ ಮುಗಿಯುವುದರೊಳಗೆ" ಎಂಬ ಮಾತು ಕಾರ್ಡಿನಲ್ಲಿ ಇರಲಿಲ್ಲ, ಸತ್ಯವೇದದಲ್ಲೂ ಇಲ್ಲ. ನಿಮ್ಮ ಮನೆಯಲ್ಲಿ ಸುಳ್ಳಾದದ್ದು ಆ ತಾರೀಖು. ಆದ್ದರಿಂದ ದೇವರು ಮಾತು ತಪ್ಪಿದನೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಇಲ್ಲ. ನೀವು ತಪ್ಪಿದಿರಾ? ಅದೂ ಇಲ್ಲ. ಕಾರ್ಡನ್ನು ಹರಿಯಬೇಡಿ. ಹಿಂದೆ ಖಾಲಿ ಜಾಗ ಇದ್ದರೆ "10ನೇ ವಚನವನ್ನೂ ಓದು" ಎಂದು ಬರೆದಿಡಿ. ಸಿಟ್ಟು ಇಳಿಯುವ ತನಕ ಸತ್ಯವೇದದ ಒಳಗೇ ಇರಲಿ.

ವಾಗ್ದಾನವನ್ನು ಜಾಗದಿಂದ ಕಿತ್ತು ಬಳಸುವುದು ಸಣ್ಣ ತಪ್ಪಲ್ಲ. ಸೈತಾನನು ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ ಕೆಳಗೆ ಹಾರು ಎಂದಾಗ ಹೇಳಿದ್ದು 91ನೇ ಕೀರ್ತನೆಯ ವಾಗ್ದಾನವನ್ನೇ. ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ ಎಂಬ ಮಾತು ಸುಳ್ಳಲ್ಲ. ಆದರೂ ಯೇಸು ಹಾರಲಿಲ್ಲ. ದೇವರನ್ನು ಪರೀಕ್ಷಿಸಬಾರದು ಎಂದ. ಡಯಾಲಿಸಿಸ್ ಬಿಟ್ಟು ದೇವರು ಏನು ಮಾಡುತ್ತಾನೆ ನೋಡೋಣ ಎನ್ನುವ ಮೈದುನನಿಗೆ ಈ ಭಾಗವನ್ನು ಓದಿಸಿ. ಮತ್ತಾಯ 4ರಲ್ಲಿದೆ.

ಇನ್ನು, ನಂಬಿಕೆ ಸಾಲದ್ದರಿಂದ ವಾಸಿಯಾಗಲಿಲ್ಲ ಎಂಬ ಮಾತು. ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಬಿಟ್ಟರೂ ಬಿಡದ ಹಾಗೆ ಎಲ್ಲ ವಾರ್ಡಿನಲ್ಲೂ ಕೇಳಿಬರುತ್ತದೆ. ಪೌಲನ ಕೈಯಿಂದ ಎಷ್ಟೋ ಜನ ವಾಸಿಯಾದರು. ಅದೇ ಪೌಲ ತನ್ನ ಕೊನೆಯ ಪತ್ರದಲ್ಲಿ, ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದೆ ಎಂದು ಬರೆಯುತ್ತಾನೆ. ಯಾರ ನಂಬಿಕೆ ಕಮ್ಮಿಯಾಗಿತ್ತು ಎಂದು ಅವನು ಕೇಳುವುದಿಲ್ಲ. ತಿಮೊಥೆಗೆ ಹೊಟ್ಟೆ ತೊಂದರೆ ಇದ್ದಾಗ ಸ್ವಲ್ಪ ದ್ರಾಕ್ಷಾರಸ ತಗೋ ಎಂದು ಸಲಹೆ ಕೊಟ್ಟ. ತನ್ನ ಮೈಯಲ್ಲಿದ್ದ ಮುಳ್ಳನ್ನು ತೆಗೆ ಎಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಹುಟ್ಟು ಕುರುಡನನ್ನು ತೋರಿಸಿ, ಇವನ ಪಾಪವೋ, ತಂದೆತಾಯಿಯ ಪಾಪವೋ ಎಂದು ಶಿಷ್ಯರು ಕೇಳಿದಾಗ, ಎರಡೂ ಅಲ್ಲ ಎಂದು ಯೇಸು ಹೇಳಿದ.

ಹಾಗಾದರೆ ಕಾರಣ ಏನು? ಯೋಬನ ಪುಸ್ತಕದಲ್ಲಿ 42 ಅಧ್ಯಾಯಗಳಿವೆ. ಅಷ್ಟರಲ್ಲೂ ದೇವರು ಯೋಬನಿಗೆ ಕಾರಣ ಹೇಳುವುದೇ ಇಲ್ಲ. ಕೊನೆಯಲ್ಲಿ ಒಂದು ಮಾತು ಹೇಳುತ್ತಾನೆ. ದೇವರ ಪರವಾಗಿ ಅಚ್ಚುಕಟ್ಟಾಗಿ ವಾದ ಮಾಡಿದ ಸ್ನೇಹಿತರ ಮೇಲೆ ಸಿಟ್ಟಾಗಿ, ನನ್ನ ಸೇವಕ ಯೋಬನ ಹಾಗೆ ನೀವು ನನ್ನ ವಿಷಯ ಸರಿಯಾಗಿ ಮಾತಾಡಲಿಲ್ಲ ಎನ್ನುತ್ತಾನೆ. ಕೂಗಾಡಿ, ವ್ಯಾಜ್ಯ ಮಾಡಿ, ಹುಟ್ಟಿದ ದಿನವನ್ನು ಶಪಿಸಿದವನ ಕಡೆ ದೇವರು ನಿಂತ.

ಇದರಿಂದ ನಿಮ್ಮ ಅತ್ತೆಯವರು ಹೇಳಿದ ವಚನಕ್ಕೂ ದಾರಿ ಸಿಗುತ್ತದೆ. ಯಾಕೋಬನ ಪತ್ರಿಕೆಯಲ್ಲಿ ಆ ಅಲೆಯ ಮಾತು ಇರುವುದು ನಿಜ. ಆದರೆ ಹಿಂದಿನ ವಚನ ನೋಡಿ, ಅಲ್ಲಿ ಕೇಳುತ್ತಿರುವುದು ಕಷ್ಟದಲ್ಲಿ ಬೇಕಾದ ಜ್ಞಾನವನ್ನು. ಎರಡು ಮನಸ್ಸಿನವನಾಗಿ ಅತ್ತಲೂ ಇತ್ತಲೂ ಕಾಲಿಡುವವನ ಬಗ್ಗೆ ಆ ಮಾತು. ಅತ್ತು ಸುಸ್ತಾದ ಹೆಂಡತಿಯ ಬಗ್ಗೆ ಅಲ್ಲ. ಸ್ನಾನಿಕ ಯೋಹಾನ ಜೈಲಿನಿಂದ, ಬರಬೇಕಾದವನು ನೀನೋ, ನಾವು ಬೇರೆಯವನಿಗೆ ಕಾಯಬೇಕೋ ಎಂದು ಕೇಳಿಕಳಿಸಿದ. ಯೇಸುವಿನ ದೀಕ್ಷಾಸ್ನಾನ ಮಾಡಿಸಿದವನೇ ಹೀಗೆ ಕೇಳಿದ! ಯೇಸು ಗದರಲಿಲ್ಲ. ಯೋಹಾನನಿಗಿಂತ ದೊಡ್ಡವನು ಹುಟ್ಟಿಲ್ಲ ಎಂದು ಜನರ ಮುಂದೆ ಹೊಗಳಿದ. ಆದರೆ ಜೈಲಿನ ಬಾಗಿಲು ತೆರೆಯಲಿಲ್ಲ, ಯೋಹಾನ ಅಲ್ಲೇ ತಲೆ ಕಳೆದುಕೊಂಡ. ಈ ಎರಡನ್ನೂ ಸತ್ಯವೇದ ಮುಚ್ಚಿಡುವುದಿಲ್ಲ, ನಾನೂ ನಿಮ್ಮಿಂದ ಮುಚ್ಚಿಡುವುದಿಲ್ಲ. ಎದ್ದು ಬಂದ ಯೇಸುವನ್ನು ಕಣ್ಣಾರೆ ಕಂಡ ಮೇಲೂ ಶಿಷ್ಯರಲ್ಲಿ ಕೆಲವರು ಸಂಶಯಪಟ್ಟರು ಎಂದು ಮತ್ತಾಯ 28:17 ಹೇಳುತ್ತದೆ. ಸಂಶಯಪಟ್ಟವರನ್ನು ಪಕ್ಕಕ್ಕಿಟ್ಟು ಉಳಿದವರನ್ನಷ್ಟೇ ಕಳಿಸಲಿಲ್ಲ. ಎಲ್ಲರಿಗೂ ಹೇಳಿದ, ನಾನು ನಿಮ್ಮ ಸಂಗಡ ಇದ್ದೇನೆ ಎಂದು.

ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ ಬಹಳ ಜನರಿಗೆ ಆಘಾತವಾಯಿತು. ಕೋಲ್ಕತ್ತಾದ ಬೀದಿಗಳಲ್ಲಿ ಕೆಲಸ ಮಾಡಿದ ದಶಕಗಳ ಕಾಲ, ದೇವರು ಹತ್ತಿರ ಇದ್ದಾನೆ ಎಂಬ ಅನುಭವವೇ ಅವರಿಗೆ ಇರಲಿಲ್ಲ. ನನಗೆ ಆ ಸುದ್ದಿಯಿಂದ ಧೈರ್ಯ ಬಂತು. ಒಳಗೆ ಏನೂ ಅನಿಸದಿದ್ದರೂ ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಹೋಗಿ, ರೋಗಿಯ ಗಾಯ ತೊಳೆದ ಅವರ ಬದುಕನ್ನು ಅಪನಂಬಿಕೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ನೀವೂ ಮೂರು ವರ್ಷದಿಂದ ಸುಮ್ನೆ ಕೂತಿಲ್ಲ. ನೀರು ಅಳೆದು ಕೊಟ್ಟಿದ್ದೀರಿ, ಉಪ್ಪಿಲ್ಲದ ಅಡುಗೆ ಮಾಡಿದ್ದೀರಿ, ಶಾಲೆಗೆ ರಜೆ ಹಾಕಿ ಆಸ್ಪತ್ರೆಗೆ ಓಡಿದ್ದೀರಿ. ದೇವರು ಇದನ್ನೂ ಲೆಕ್ಕಕ್ಕೆ ತಗೊಳ್ಳುತ್ತಾನೆ.

ನಿಮಗೆ ಪ್ರಾರ್ಥನೆ ಯಾಕೆ ಬರುತ್ತಿಲ್ಲ? ನಾನು ಆಸ್ಪತ್ರೆಯಲ್ಲಿ ಚಾಪ್ಲಿನ್ (ರೋಗಿಗಳ ಜೊತೆ ಕೂತು ಪ್ರಾರ್ಥಿಸುವ ಅಯ್ಯನವರು) ಆಗಿ ಕಂಡ ಮಟ್ಟಿಗೆ, ರೋಗಿಯನ್ನು ನೋಡಿಕೊಳ್ಳುವವರ ಸಂಶಯ ಎಷ್ಟೋ ಸಲ ತಲೆಯಿಂದ ಹುಟ್ಟುವುದಿಲ್ಲ. ನಿದ್ದೆಗೆಟ್ಟ ಮೈಯಿಂದ ಹುಟ್ಟುತ್ತದೆ. ನಿಮ್ಮದರಲ್ಲಿ ಅದೂ ಇದೆ, ಜನ ಮಾಡಿದ ಗಾಯವೂ ಇದೆ. ಎಲೀಯನು ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ಗಿಡದ ಕೆಳಗೆ ಮಲಗಿದಾಗ ದೂತ ಬಂದು ಬೋಧನೆ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಲು ಬಿಟ್ಟ. ಮತ್ತೆ ಎಬ್ಬಿಸಿ ಉಣ್ಣಿಸಿದ. ಪ್ರಶ್ನೆ, ಮಾತುಕತೆ ಎಲ್ಲ ಆಮೇಲೆ. ವಾರದಲ್ಲಿ ಒಂದು ಡಯಾಲಿಸಿಸ್ ದಿನ ಮೈದುನ ಅಥವಾ ಸಭೆಯ ಯಾರಾದರೂ ಜೊತೆಗೆ ಹೋಗಲಿ, ನೀವು ಮಲಗಿ. ನಿದ್ದೆಯೇ ಬಾರದೆ, ಊಟ ಸೇರದೆ, ಬದುಕೇ ಬೇಡ ಅನಿಸುತ್ತಿದ್ದರೆ ತಡಮಾಡದೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಪ್ರಾರ್ಥನೆಗೆ ನಿಮ್ಮದೇ ಮಾತು ಸಿಗದಿದ್ದರೆ 13ನೇ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಎಷ್ಟು ಕಾಲ, ಎಷ್ಟು ಕಾಲ ಎಂದು ಅದು ಮತ್ತೆ ಮತ್ತೆ ಕೇಳುತ್ತದೆ. ಅದೂ ಮೃದು ಅನಿಸಿದರೆ 88ನೆಯದು. ಅದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸ್ತೋತ್ರವೂ ಇಲ್ಲ. ಅಂಥ ಪ್ರಾರ್ಥನೆಯೂ ಸತ್ಯವೇದದ ಒಳಗೇ ಇದೆ. ಸಿಟ್ಟು ಇದ್ದರೆ ದೇವರ ಮುಂದೆಯೇ ಸಿಟ್ಟಾಗಿ. ಅವನ ಬೆನ್ನಿಗೆ ಮಾತಾಡುವುದಕ್ಕಿಂತ ಅದು ಒಳ್ಳೆಯದು.

ಒಂದು ಸಂಗತಿ ಹೇಳಬೇಕು. ಗುರುತು ಸಿಗದ ಹಾಗೆ ಹೇಳುತ್ತೇನೆ. ಡಯಾಲಿಸಿಸ್ ಕುರ್ಚಿಯಲ್ಲಿದ್ದ ಒಬ್ಬರ ಪಕ್ಕದಲ್ಲಿ ಕೂತಿದ್ದೆ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಜೋಡಿಸಿದ ರಕ್ತನಾಳ) ಇದ್ದ ಕೈಯನ್ನು ಅಲ್ಲಾಡಿಸದೆ ಇಟ್ಟುಕೊಂಡು, ಇನ್ನೊಂದು ಕೈಯಿಂದ ಕಂಬಳಿಯ ಅಂಚನ್ನು ಸುತ್ತುತ್ತಿದ್ದರು. ಹೆಂಡತಿ ಬಿಲ್ ಕಟ್ಟಲು ಕೆಳಗೆ ಹೋದ ಮೇಲೆ, "ಅಯ್ಯನವರೇ, ಸಾಯೋದಕ್ಕೆ ನಂಗೆ ಅಷ್ಟೊಂದು ಭಯ ಇಲ್ಲ. ನಾನು ಹೋದ್ರೆ ಇವಳ ನಂಬಿಕೆ ಹೋಗುತ್ತಲ್ಲ, ಅದೇ ಭಯ. ಅದಕ್ಕೇ ಚೆನ್ನಾಗಿದ್ದೀನಿ ಅಂತಾನೇ ಹೇಳ್ತಾ ಇರ್ತೀನಿ" ಎಂದರು. ಮನೆಯಲ್ಲಿ ಎಲ್ಲರೂ ವಾಸಿಯಾಗುತ್ತದೆ ಎಂದೇ ಹೇಳುತ್ತಿದ್ದರು. ಆದ್ದರಿಂದ ರೋಗಿಗೆ ತನ್ನ ಭಯ ಹೇಳಿಕೊಳ್ಳಲು ಜಾಗವೇ ಇರಲಿಲ್ಲ. ನಿಮ್ಮವರ ಮನಸ್ಸಿನಲ್ಲಿ ಏನಿದೆ ಎಂದು ನೀವು ಬರೆದಿಲ್ಲ. ಕೇಳಿ ನೋಡಿ. ವಾಸಿಯಾಗದಿದ್ದರೂ ನಿಮ್ಮನ್ನು ಬಿಟ್ಟು, ದೇವರನ್ನು ಬಿಟ್ಟು ನಾನೆಲ್ಲೂ ಹೋಗುವುದಿಲ್ಲ ಎಂದು ಹೇಳಲು ನಿಮಗೆ ಸಾಧ್ಯವಾದರೆ ಹೇಳಿ. ಸಾಧ್ಯವಾಗದಿದ್ದರೆ, ನನಗೂ ಭಯವಾಗುತ್ತಿದೆ ಎಂದಷ್ಟೇ ಹೇಳಿ.

ಹಾಗಾದರೆ ದೇವರು ಏನನ್ನು ಮಾತು ಕೊಟ್ಟಿದ್ದಾನೆ? ನೀರನ್ನು ಹಾದುಹೋಗುವಾಗ ಜೊತೆಗಿರುತ್ತೇನೆ ಎಂದು ಯೆಶಾಯ 43ರಲ್ಲಿದೆ. ನೀರೇ ಬರುವುದಿಲ್ಲ ಎಂದಿಲ್ಲ. ಕತ್ತಿಯಾಗಲಿ ಬರಗಾಲವಾಗಲಿ ಸಾವಾಗಲಿ ಕ್ರಿಸ್ತನ ಪ್ರೀತಿಯಿಂದ ನಮ್ಮನ್ನು ಅಗಲಿಸಲಾರದು ಎಂದು ರೋಮಾ 8ರಲ್ಲಿದೆ. ಸತ್ತವರು ಎದ್ದೇಳುತ್ತಾರೆ, ದೇವರು ಕಣ್ಣೀರನ್ನು ತಾನೇ ಒರಸುತ್ತಾನೆ. ಇವು ವಾಗ್ದಾನಗಳು. ಇವುಗಳ ಕೆಳಗೆ ಯೇಸುವಿನ ರಕ್ತದ ರುಜು ಇದೆ. ಲಾಜರನನ್ನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಯೇಸು ಗೋರಿಯ ಹತ್ತಿರ ಅತ್ತ. ಗೆತ್ಸೇಮನೆಯಲ್ಲಿ ಈ ಪಾತ್ರೆ ತೆಗೆ ಎಂದು ಅವನೂ ಬೇಡಿಕೊಂಡ, ಅದು ಹೋಗಲಿಲ್ಲ. ನೀವು ಈಗ ನಿಂತಿರುವ ಜಾಗ ಅವನಿಗೆ ಗೊತ್ತಿಲ್ಲದ ಜಾಗವಲ್ಲ.

ದೇಹ ವಾಸಿಯಾಗುವುದನ್ನು ದೇವರು ಮಾಡಬಲ್ಲ. ಕೇಳುವುದನ್ನು ನಿಲ್ಲಿಸಿ ಎಂದು ನಾನು ಖಂಡಿತ ಹೇಳುವುದಿಲ್ಲ. ನಿಮ್ಮ ಸಭೆಯ ಹಿರಿಯರನ್ನು ಮನೆಗೆ ಕರೆದು, ಯಾಕೋಬ 5ರಲ್ಲಿ ಹೇಳಿದ ಹಾಗೆ ಎಣ್ಣೆ ಹಚ್ಚಿ ಪ್ರಾರ್ಥನೆ ಮಾಡಿಸಿ. ಅದಕ್ಕೆ ತಾರೀಖು ಹಾಕಬೇಡಿ, ದುಡ್ಡು ಕಟ್ಟಬೇಡಿ. ಇನ್ನೊಂದು ಸ್ವಸ್ಥತೆಯ ಕೂಟಕ್ಕೆ ಹೋಗಬಹುದೇ? ಹೋಗಬಹುದು. ಆದರೆ ಇನ್ನೊಂದು ತಾರೀಖು ಕೇಳಿ ಬಂದು ಅದೂ ಸುಳ್ಳಾದರೆ, ಈ ಸಲದ ಪೆಟ್ಟು ಮೊದಲಿಗಿಂತ ಜೋರಾಗಿರುತ್ತದೆ. ಇಷ್ಟು ಕಾಣಿಕೆ ಬಿತ್ತಿದರೆ ಇಷ್ಟು ಬೆಳೆ ಎಂದು ಯಾರಾದರೂ ಲೆಕ್ಕ ಹೇಳಿದರೆ ಎದ್ದು ಬನ್ನಿ. ದೇವರ ವರವನ್ನು ದುಡ್ಡಿಗೆ ಕೊಳ್ಳಲು ಬಂದ ಸಿಮೋನನಿಗೆ ಪೇತ್ರ ಸಮಾರ್ಯದಲ್ಲಿ ಏನು ಹೇಳಿದನೆಂದು ಅಪೊಸ್ತಲರ ಕೃತ್ಯಗಳು 8ರಲ್ಲಿ ಓದಿ. ಅಡವಿಟ್ಟ ಬಳೆ ಬಿಡಿಸಿಕೊಳ್ಳುವುದೇ ಈಗ ನಿಮ್ಮ ಕರ್ತವ್ಯ.

ಸ್ವಲ್ಪ ದಿನ ಸಭೆಗೆ ಹೋಗದೆ ಇರಬೇಕು ಅನಿಸುತ್ತಿರಬಹುದು. ಪ್ರತಿ ಭಾನುವಾರ "ಹೇಗಿದ್ದಾರೆ, ವಾಸಿಯಾಯ್ತಾ" ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಲ್ಲ. ಒಂದೆರಡು ವಾರ ಬಿಟ್ಟರೆ ತಪ್ಪೇನಿಲ್ಲ. ತಿಂಗಳುಗಟ್ಟಲೆ ಬಿಟ್ಟರೆ ಮಾತ್ರ ಒಂಟಿತನ ಸಂಶಯಕ್ಕಿಂತ ಜಾಸ್ತಿ ತಿನ್ನುತ್ತದೆ. ಹಿಂದಿನ ಬೆಂಚಿನಲ್ಲಿ ಕೂತು ಮುಗಿಯುತ್ತಲೇ ಎದ್ದು ಬನ್ನಿ, ಇಲ್ಲವೇ ನಿಮ್ಮ ಅಯ್ಯನವರಿಗೆ ಹೇಳಿ ಕರ್ತನ ಭೋಜನವನ್ನು ಮನೆಯಲ್ಲೇ ತೆಗೆದುಕೊಳ್ಳಿ.

ಕಸಿಯ ವಿಷಯ ತಳ್ಳಬೇಡಿ. ಡಾಕ್ಟರೇ ಮಾತು ತೆಗೆದಿದ್ದಾರೆ ಎಂದರೆ ಈಗ ವಿಚಾರಿಸುವ ಸಮಯ. ಡಯಾಲಿಸಿಸ್‌ನಲ್ಲಿ ವರ್ಷಗಳು ಕಳೆದಷ್ಟೂ ಹೃದಯ, ರಕ್ತನಾಳಗಳು ಸೋಲುತ್ತವೆ, ಆಮೇಲೆ ಕಸಿ ಕಷ್ಟವಾಗುತ್ತದೆ. ಮನೆಯವರಲ್ಲಿ ಯಾರಾದರೂ ಕೊಡಬಹುದೇ ಎಂದು ಪರೀಕ್ಷೆ ಮಾಡಿಸಿ. ಯಾರದ್ದೂ ಹೊಂದದಿದ್ದರೆ ಮೃತರ ಅಂಗದಾನಕ್ಕೆ ರಾಜ್ಯದ ಜೀವಸಾರ್ಥಕತೆ ವ್ಯವಸ್ಥೆಯಲ್ಲಿ ಹೆಸರು ಬರೆಸಬಹುದು. ಕಸಿ ಮಾಡುವ ಆಸ್ಪತ್ರೆಯವರೇ ಬರೆಸುತ್ತಾರೆ. ಆಪರೇಷನ್ನಿನ ಅಪಾಯ, ಜೀವನವಿಡೀ ಮಾತ್ರೆ, ಖರ್ಚು, ಶುಗರ್ ಇರುವವರಿಗೆ ಬರುವ ತೊಡಕು, ಎಲ್ಲವನ್ನೂ ನೆಫ್ರಾಲಜಿಸ್ಟ್ (ಕಿಡ್ನಿ ಡಾಕ್ಟರ್) ಹತ್ತಿರ ಒಂದೊಂದಾಗಿ ಕೇಳಿ ಬರೆದುಕೊಳ್ಳಿ. ಬೇಡ ಎಂದು ತೀರ್ಮಾನಿಸಿದರೂ ಪರವಾಗಿಲ್ಲ, ತಿಳಿದು ತೀರ್ಮಾನಿಸಿ. ದೇವರು ಅದ್ಭುತ ಮಾಡಲಿ ಎಂದು ಕಾಯುತ್ತಾ ಕಸಿಯ ಸಮಯ ಮೀರಿಹೋದ ಮನೆಗಳಲ್ಲಿ ಆಮೇಲೆ ಕಾಡುವ ಪಶ್ಚಾತ್ತಾಪವನ್ನು ನಾನು ಕಂಡಿದ್ದೇನೆ. ನಿಮಗದು ಬರಬಾರದು.

ಕೊನೆಯದಾಗಿ ಅತ್ತೆಯವರು. ಅವರ ಮಾತು ನಿಮ್ಮನ್ನು ಚುಚ್ಚಿದೆ, ಚುಚ್ಚುವ ಮಾತೇ ಅದು. ಆದರೆ ಆ ಕುರ್ಚಿಯಲ್ಲಿ ಕೂತಿರುವುದು ಅವರು ಹೆತ್ತ ಮಗ. ಸೊಸೆಯ ಅಪನಂಬಿಕೆ ಕಾರಣ ಎಂದರೆ ಸರಿಮಾಡಬಹುದು ಎಂಬ ಆಸೆ ಇರುತ್ತದೆ. ಕಾರಣವೇ ಇಲ್ಲ ಎಂದರೆ ಆ ತಾಯಿ ಏನು ಹಿಡಿದುಕೊಳ್ಳಬೇಕು? ವಾದ ಮಾಡಬೇಡಿ. ಮುಂದಿನ ಸರದಿಗೆ, "ಅತ್ತೆ, ಈ ಸಲ ನೀವೂ ಬನ್ನಿ, ನಂಗೊಬ್ಬಳಿಗೇ ಆಗ್ತಿಲ್ಲ" ಎಂದು ಕರೆಯಿರಿ. ನಾಲ್ಕು ಗಂಟೆ ಮಗನ ಪಕ್ಕ ಕೂರಲಿ. ಊಟ, ನೀರಿನ ಲೆಕ್ಕವನ್ನು ನರ್ಸ್ ಬಾಯಿಂದಲೇ ಕೇಳಲಿ. ಡಾಕ್ಟರು ರೌಂಡ್ಸಿಗೆ ಬಂದಾಗ ಕಸಿಯ ಪ್ರಶ್ನೆಯನ್ನು ಅವರ ಎದುರಿಗೇ ಕೇಳಿ. ಉಪವಾಸದ ಮಾತು ಮತ್ತೆ ಬಂದರೆ ಡಾಕ್ಟರೇ ಉತ್ತರ ಹೇಳಲಿ, ನೀವು ಹೇಳುವುದು ಬೇಡ. ಆಮೇಲೂ ಮೈದುನ ಪಟ್ಟು ಹಿಡಿದರೆ ನಿಮ್ಮ ಅಯ್ಯನವರನ್ನು ಮನೆಗೆ ಕರೆಸಿ, ಈ ಉತ್ತರವನ್ನು ಅವರ ಕೈಗೆ ಕೊಡಿ.